ಹಳೆಯ ಔಟ್‌ಬೋರ್ಡ್ ಎಂಜಿನ್‌ಗೆ ಸ್ಪೀಡ್ ಜಾಸ್ತಿ ಮಾಡುವುದು ಹೇಗೆ?

ನಿಮ್ಮದು 18 ಅಡಿಯ ಫೈಬರ್ ದೋಣಿ, ಅದರ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ (ಔಟ್‌ಬೋರ್ಡ್) ಹಳೆಯ 9.9 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಇಬ್ಬರಿದ್ದರೆ ಪರವಾಗಿಲ್ಲ, ಬಲೆ ಹೇರಿ ನಾಲ್ವರು ಹತ್ತಿದರೆ ದೋಣಿ ನೀರು ಸೀಳುವುದು ಬಿಟ್ಟು ಮೇಲೆದ್ದು ಓಡುವುದೇ ಇಲ್ಲ, ಪೆಟ್ರೋಲ್ ಮಾತ್ರ ಖಾಲಿಯಾಗುತ್ತದೆ ಅಂತ ಬರೆದಿದ್ದೀರಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ದೊಡ್ಡದು ಮಾಡಿಸಲಾ, ಸಿಲಿಂಡರಿನ ಮೇಲಿನ ಮುಚ್ಚಳ (ಹೆಡ್) ಮಸೆಯಿಸಲಾ ಎಂಬುದು ನಿಮ್ಮ ಪ್ರಶ್ನೆ. ನಾನು ಗಂಗೊಳ್ಳಿ ಕಡೆ ಇಂಥದ್ದೇ ಎಂಜಿನ್‌ಗಳ ಕೆಲಸ ಮಾಡುವವನು. ಎರಡೂ ಬೇಡ. ಮೊದಲು ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ತಿರುಗುತ್ತಿದೆ ಅಂತ ನೋಡಿ. ಅದು ಗೊತ್ತಾಗದೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಆರ್‌ಪಿಎಂ ಅಳೆಯಲು ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಟ್ಯಾಕೋಮೀಟರ್ ಸಿಗುತ್ತದೆ, ಬೆಲೆಯೂ ಕಡಿಮೆ. ಒಂದು ಸುತ್ತಿಗೆ ಎಷ್ಟು ಸಲ ಕಿಡಿ ಬರುತ್ತದೆ ಎಂಬ ಸೆಟ್ಟಿಂಗ್ ಅದರಲ್ಲಿರುತ್ತದೆ, ಅದು ತಪ್ಪಾದರೆ ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತದೆ. ಯಾವಾಗಲೂ ಹಾಕುವಷ್ಟೇ ಭಾರ ಹಾಕಿ, ಅಳಿವೆಯ ಒಳಗೆ ಅಲೆ ಇಲ್ಲದ ಕಡೆ ಫುಲ್ ಬಿಟ್ಟು ನೋಡಿ. ಸ್ಪೀಡನ್ನು ಮೊಬೈಲ್‌ನ ಜಿಪಿಎಸ್‌ನಲ್ಲಿ ಅಳೆಯಿರಿ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅಳೆದು ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಉಬ್ಬರ ಇಳಿತದ ಸೆಳೆತವನ್ನೂ ಎಂಜಿನ್ನಿನ ಲೆಕ್ಕಕ್ಕೇ ಸೇರಿಸಿದ ಹಾಗಾಗುತ್ತದೆ.

ಈಗ ಎಂಜಿನ್ನಿನ ಪುಸ್ತಕ ನೋಡಿ. ಈ ಅಳತೆಯ ಎಂಜಿನ್‌ಗಳಿಗೆ ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 4500ರಿಂದ 5500 ಆರ್‌ಪಿಎಂ ಅಂತ ಕೊಟ್ಟಿರುತ್ತಾರೆ. ನಿಮ್ಮದು 4000ದ ಹತ್ತಿರವೇ ನಿಂತರೆ, ಎಂಜಿನ್ ಸೊರಗಿರಬೇಕು, ಇಲ್ಲವೇ ಪ್ರೊಪೆಲ್ಲರ್ ತಿರುಗಿಸುವುದು ಅದಕ್ಕೆ ಭಾರವಾಗಿರಬೇಕು. ನಾಲ್ವರು ಹತ್ತಿದಾಗ ಮಾತ್ರ ಹೀಗಾಗುತ್ತದೆ ಅಂದಿದ್ದೀರಲ್ಲ, ನನ್ನ ಅನುಮಾನ ಪ್ರೊಪೆಲ್ಲರ್ ಮೇಲೆ.

ಪ್ರೊಪೆಲ್ಲರ್ ಮೇಲೆ ಎರಡು ನಂಬರ್ ಇರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 9 ಅಂದರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ 9 ಇಂಚು ಮುಂದೆ ಹೋಗಬೇಕು. 5000 ಆರ್‌ಪಿಎಂ, ಗೇರ್ ಅನುಪಾತ 2 ಅಂತ ಇಟ್ಟುಕೊಂಡರೆ ಪ್ರೊಪೆಲ್ಲರ್ 2500 ಸುತ್ತು ತಿರುಗುತ್ತದೆ, ಗಂಟೆಗೆ ಸುಮಾರು 34 ಕಿ.ಮೀ. ಆಗುತ್ತದೆ. ನೀರಿನಲ್ಲಿ ಜಾರುವುದರಿಂದ ಅಷ್ಟು ಸಿಗುವುದಿಲ್ಲ. ಹಗುರ ದೋಣಿಯಲ್ಲಿ ಜಾರುವಿಕೆ ಕಡಿಮೆ, ಭಾರ ಹೇರಿದಷ್ಟೂ ಜಾಸ್ತಿ. ದೊಡ್ಡ ಪಿಚ್ ಹಾಕಿದರೆ ಸ್ಪೀಡ್ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಭಾರದ ದೋಣಿಗೆ ಅದು ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ. ಎಂಜಿನ್ನಿನ ಆರ್‌ಪಿಎಂ ಏರುವುದಿಲ್ಲ, ಬಿಸಿಯಾಗುತ್ತದೆ, ಕಾರ್ಬನ್ ಕಟ್ಟುತ್ತದೆ, ಪೆಟ್ರೋಲ್ ಸುಮ್ನೆ ಹೋಗುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ ಹೆಚ್ಚೂ ಕಡಿಮೆ 200 ಆರ್‌ಪಿಎಂ ಏರುತ್ತದೆ. ಒದ್ದಾಡುತ್ತಿದ್ದ ಎಂಜಿನ್ ಪಿಚ್ ಇಳಿಸಿದ ಮೇಲೆ ಅದೇ ಭಾರಕ್ಕೆ ಜಾಸ್ತಿ ಸ್ಪೀಡ್ ಕೊಡುವುದೂ ಉಂಟು. ಆದರೆ ಖಾಲಿ ದೋಣಿ ಓಡಿಸುವಾಗ ಆರ್‌ಪಿಎಂ ಪುಸ್ತಕದ ಮಿತಿ ದಾಟದ ಹಾಗೆ ಥ್ರಾಟಲ್ ಹಿಡಿದುಕೊಳ್ಳಿ.

ಪ್ರೊಪೆಲ್ಲರ್ ಬದಲಿಸುವ ಮೊದಲು ಅದರ ಹಬ್ ಒಮ್ಮೆ ನೋಡಿ. ಒಳಗೆ ರಬ್ಬರ್ ಬುಷ್ ಇರುತ್ತದೆ, ಹಳೆಯದಾದರೆ ಅದು ಜಾರುತ್ತದೆ. ಎಂಜಿನ್ ಕೂಗುತ್ತದೆ, ದೋಣಿ ಹೋಗುವುದಿಲ್ಲ. ಒಳಗಿನ ಬುಷ್‌ನಿಂದ ಹೊರಗಿನ ಹಬ್‌ಗೆ ದಾಟುವ ಹಾಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ತುಂಡಾಗಿ ಸರಿದಿದ್ದರೆ ಬುಷ್ ಹೋಗಿದೆ.

ಆಮೇಲೆ ಎಂಜಿನ್ ಕೂರಿಸಿದ ಎತ್ತರ. ಪ್ರೊಪೆಲ್ಲರ್ ಮೇಲೆ ಅಗಲವಾದ ಒಂದು ಚಪ್ಪಟೆ ತಟ್ಟೆ ಇದೆಯಲ್ವಾ, ಅದು ದೋಣಿಯ ತಳದ ಮಟ್ಟಕ್ಕೇ ಬರಬೇಕು. ಅದಕ್ಕಿಂತ ಎರಡು ಮೂರು ಇಂಚು ಕೆಳಗಿದ್ದರೆ ಅಷ್ಟು ಲೋಹವನ್ನು ನೀರಿನಲ್ಲಿ ಸುಮ್ನೆ ಎಳೆದ ಹಾಗೆ. ಹಿಂದಿನ ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿ ಇಟ್ಟು ಸ್ವಲ್ಪ ಸ್ವಲ್ಪವೇ ಎತ್ತರಿಸಿ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದು ಎಂಜಿನ್ ಒಮ್ಮೆಲೇ ಕೂಗಿದರೆ ಜಾಸ್ತಿ ಆಯಿತು ಅಂತ ಅರ್ಥ, ಸ್ವಲ್ಪ ಇಳಿಸಿ. ತಂಪು ನೀರು ಎಳೆಯುವ ತೂತುಗಳು ನೀರಿನಿಂದ ಮೇಲೆ ಬರಲೇಬಾರದು. ಹಿಂದೆ ಚಿಮ್ಮುವ ನೀರಿನ ಧಾರೆ ಮೇಲೆ ಕಣ್ಣಿರಲಿ. ಎಂಜಿನ್‌ಗೆ ಸರಪಳಿ ಕಟ್ಟದೆ ಈ ಪ್ರಯೋಗ ಮಾಡಬೇಡಿ.

ಎಂಜಿನ್ ಸೊರಗಿದ್ದರೂ ಹೆಚ್ಚಾಗಿ ಸಣ್ಣ ಕಾರಣವೇ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಕಾರ್ಬ್ಯುರೇಟರ್ ಒಳಗಿನ ತಟ್ಟೆ ನಿಜವಾಗಿಯೂ ಪೂರ್ತಿ ತೆರೆಯುತ್ತಾ ನೋಡಿ, ಕೇಬಲ್ ಎಳೆದು ಎಳೆದು ಸಡಿಲವಾಗಿರುತ್ತದೆ. ಎರಡೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ, ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಆದರೆ ಕಾರ್ಬನ್ ಬೇಗ ಕಟ್ಟುತ್ತದೆ, ತೆಗೆಸಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಅದು ನೀರು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನೂ ಹಾಳು ಮಾಡುತ್ತದೆ. ಮಳೆಗಾಲದ ಎರಡು ತಿಂಗಳು ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ಹಾಕಲೇಬೇಡಿ. ಆಯಿಲ್ ಔಟ್‌ಬೋರ್ಡ್‌ನದ್ದೇ ಆಗಬೇಕು, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುತ್ತದೆ. ಆಯಿಲ್ ಕಡಿಮೆ ಹಾಕಿದರೆ ಸ್ಪೀಡ್ ಬರುತ್ತದೆ ಎಂಬ ಮಾತು ನಂಬಬೇಡಿ, ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಂತುಬಿಡುತ್ತದೆ. ಕೆಲವರು ಎಂಜಿನ್ನಿನ ಬಿಸಿಯನ್ನು ಹದವಾಗಿ ಇಡುವ ಥರ್ಮೋಸ್ಟಾಟ್ ಕಿತ್ತು ಹಾಕುತ್ತಾರೆ. ಅದರಿಂದ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಇನ್ನೂ ಜಾಸ್ತಿ ಬೇಕಾಗುತ್ತದೆ.

ದೋಣಿಯನ್ನು ದಡಕ್ಕೆ ಎಳೆದು ತಳ ಉಜ್ಜಿ. ಪಾಚಿ, ಚಿಪ್ಪು ಅಂಟಿದ್ದರೆ ಹೊಸ ಎಂಜಿನ್ ಹಾಕಿದರೂ ಪ್ರಯೋಜನ ಇಲ್ಲ. ಐಸ್ ಡಬ್ಬ, ಟ್ಯಾಂಕ್, ಜನ ಎಲ್ಲ ಹಿಂದೆಯೇ ಇದ್ದರೆ ಮೂತಿ ಮೇಲೆತ್ತಿ ಹಿಂಭಾಗ ಮುಳುಗುತ್ತದೆ, ಭಾರವನ್ನು ಮುಂದಕ್ಕೆ ಹಂಚಿ.

ಖರ್ಚಿನ ಬಗ್ಗೆ ಒಂದು ಮಾತು. ಇಷ್ಟೆಲ್ಲ ಮಾಡಿದ ಮೇಲೂ ತುಂಬಿದ ದೋಣಿ ನೀರಿನ ಮೇಲೆ ಏಳದಿದ್ದರೆ, 18 ಅಡಿಯ ದೋಣಿಗೆ ಗಂಟೆಗೆ ಹತ್ತು, ಹತ್ತೂವರೆ ಕಿ.ಮೀ. ದಾಟಿದ ಮೇಲೆ ಹಾಕಿದ ಪೆಟ್ರೋಲೆಲ್ಲ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ಅಂಥ ದಿನ ಅಷ್ಟಕ್ಕೇ ಥ್ರಾಟಲ್ ಇಳಿಸಿ ಬನ್ನಿ. ಸ್ವಲ್ಪ ತಡವಾಗಬಹುದು, ಆದರೆ ಪೆಟ್ರೋಲ್ ಎಷ್ಟು ಉಳಿಯಿತು ಅಂತ ನಿಮಗೇ ಟ್ಯಾಂಕಿನಲ್ಲಿ ಕಾಣುತ್ತದೆ.

ಪ್ರೊಪೆಲ್ಲರ್ ಮೇಲಿನ ಎರಡು ನಂಬರ್, ಭಾರ ಹಾಕಿದಾಗ ಬಂದ ಆರ್‌ಪಿಎಂ, ಎರಡೂ ದಿಕ್ಕಿನ ಸ್ಪೀಡ್, ಇಷ್ಟನ್ನು ಇಲ್ಲೇ ಕೆಳಗೆ ಬರೆಯಿರಿ. ಯಾವ ಪಿಚ್ ತರಬೇಕು ಅಂತ ಹೇಳುತ್ತೇನೆ.