ಅದು ‘ಟರ್ನಿಂಗ್ ಪಾಯಿಂಟ್’

ಗಿರೀಶ ಕಾರ್ನಾಡರು ನಿರೂಪಿಸುತ್ತಿದ್ದ, ವಿಜ್ಞಾನಿಯೊಬ್ಬರು ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ದೂರದರ್ಶನದ ಕಾರ್ಯಕ್ರಮ ಯಾವುದು, ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅದು 1990ರ ದಶಕದ ಆರಂಭದ ‘ಟರ್ನಿಂಗ್ ಪಾಯಿಂಟ್’. ಆ ವಿಜ್ಞಾನಿ ಪ್ರೊ. ಯಶ್ ಪಾಲ್. ಬಾಹ್ಯಾಕಾಶದಿಂದ ಭೂಮಿಗೆ ಬಂದೆರಗುವ ವಿಶ್ವಕಿರಣಗಳ ಸಂಶೋಧಕರು, ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮೊದಲ ನಿರ್ದೇಶಕರು. 1975–76ರಲ್ಲಿ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗ ನಡೆದಾಗ ಆ ಕೇಂದ್ರದ ಹೊಣೆ ಅವರದೇ. ನಮ್ಮ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕಾರ್ಯಕ್ರಮದಲ್ಲಿ ಯಾರೇ ಪ್ರಶ್ನೆ ಕೇಳಲಿ, ಯಶ್ ಪಾಲ್ ಪಠ್ಯಪುಸ್ತಕದ ಉತ್ತರ ಒಪ್ಪಿಸುತ್ತಿರಲಿಲ್ಲ. ನಮ್ಮೆದುರೇ ಯೋಚಿಸುತ್ತಾ ಹೋಗುತ್ತಿದ್ದರು. ಅಂಥ ಸಾವಧಾನವನ್ನು ನಾನು ಈಗಿನ ಟಿವಿಯಲ್ಲಿ ಕಂಡಿಲ್ಲ.

ಇಡೀ ಸರಣಿ ಸಿಗುವುದು ಕಷ್ಟ. ಆಗ ಟೇಪು ದುಬಾರಿ. ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವುದು ಹಲವು ದೇಶಗಳ ಟಿವಿ ಕೇಂದ್ರಗಳಲ್ಲಿ ರೂಢಿಯಾಗಿತ್ತು. ಉಳಿದ ಟೇಪುಗಳನ್ನು ತೇವ ಮತ್ತು ಬೂಷ್ಟು ತಿನ್ನುತ್ತವೆ. ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲು ಹುಡುಕಿ. ಕಾರ್ಯಕ್ರಮದ ಹೆಸರಿನ ಜೊತೆ ಯಶ್ ಪಾಲ್ ಹೆಸರನ್ನೂ ಕೊಡಿ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಆ ಕಾಲದಲ್ಲಿ ವಿಸಿಆರ್‌ನಲ್ಲಿ ಮುದ್ರಿಸಿಟ್ಟ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ, ಬೇಗ ಡಿಜಿಟಲ್‌ಗೆ ವರ್ಗಾಯಿಸಿ.