ಇಂಗ್ಲೆಂಡಿನಲ್ಲಿ ಇವತ್ತಿಗೂ ಹಳೇ ಪದ್ಧತಿಯಲ್ಲಿ ಬೇಸಾಯ ಮಾಡುವ ಹಳ್ಳಿ ಇದೆಯಾ?

ಫೋಟೋಗೆ ಚಂದ ಕಾಣುವ ಊರು ಬೇಡ, ರೈತರು ಇರುವ ಸಣ್ಣ ಹಳ್ಳಿ ಹೇಳಿ, ಅದರ ಕಥೆಯನ್ನೂ ಹೇಳಿ ಅಂತ ಕೇಳಿದ್ದೀರಿ. ಹಾಗಾದರೆ ಲ್ಯಾಕ್ಸ್‌ಟನ್‌ಗೆ ಹೋಗಿ.

ನಾನು ನಾಟಿಂಗ್‌ಹ್ಯಾಮ್‌ನಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದೆ. ಲ್ಯಾಕ್ಸ್‌ಟನ್ ಅದೇ ಕೌಂಟಿಯಲ್ಲಿದೆ, ಆಲರ್ಟನ್ ಹತ್ತಿರ. ಮೊದಲ ಸಲ ಹೋದಾಗ ಇಷ್ಟೇನಾ ಅನ್ನಿಸಿತ್ತು. ಕೆಂಪು ಇಟ್ಟಿಗೆಯ ಮನೆಗಳ ಒಂದು ಬೀದಿ, ಒಂದು ಚರ್ಚು, ಒಂದು ಪಬ್ಬು. ಊರು ದಾಟಿ ಹೊಲದ ಕಡೆ ನಡೆದ ಮೇಲೆ ಸುಮ್ನೆ ನಿಂತುಬಿಟ್ಟೆ. ಕಣ್ಣು ಹಾಯುವಷ್ಟು ದೂರ ಉತ್ತ ನೆಲ, ನಡುವೆ ಎಲ್ಲೂ ಬೇಲಿ ಇಲ್ಲ. ಇಂಗ್ಲೆಂಡಿನ ಹೊಲ ಅಂದರೆ ಸುತ್ತ ಹಸಿರು ಬೇಲಿ ಅಂತಲೇ ನಾವು ಅಂದುಕೊಂಡಿರುತ್ತೇವೆ, ಅಲ್ವಾ?

ಆ ಬೇಲಿಗಳಲ್ಲಿ ಬಹಳಷ್ಟು ಆಮೇಲೆ ಬಂದವು. ಅದಕ್ಕೂ ಮುಂಚೆ ಇಂಗ್ಲೆಂಡಿನ ನಡುಭಾಗದ ಎಷ್ಟೋ ಹಳ್ಳಿಗಳಲ್ಲಿ ಇಡೀ ಊರಿಗೆ ಎರಡು ಮೂರು ದೊಡ್ಡ ಬಯಲು ಇರುತ್ತಿದ್ದವು. ಒಬ್ಬೊಬ್ಬ ರೈತನಿಗೆ ಪ್ರತಿ ಬಯಲಿನಲ್ಲೂ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಒಳ್ಳೇ ಮಣ್ಣೆಲ್ಲ ಒಬ್ಬನ ಪಾಲಾಗುತ್ತಿರಲಿಲ್ಲ. 18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟು ಕಾಯ್ದೆ ಮೇಲೆ ಕಾಯ್ದೆ ಮಾಡಿ ಈ ಬಯಲುಗಳನ್ನು ಒಡೆದು ಬೇಲಿ ಹಾಕಿಸಿತು. ಊರೊಟ್ಟಿನ ಹುಲ್ಲುಗಾವಲೂ ಹೋಯಿತು. ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದವರು ಕೂಲಿಗೆ ಬಿದ್ದರು. ಇದನ್ನು ಓದಿದಾಗಲೆಲ್ಲ ನಮ್ಮ ಗೋಮಾಳಗಳು ನೆನಪಾಗುತ್ತವೆ.

ಲ್ಯಾಕ್ಸ್‌ಟನ್‌ನಲ್ಲಿ ಈ ಕೆಲಸ ಪೂರ್ತಿ ಆಗಲಿಲ್ಲ. ಅಲ್ಲಿ ಜಮೀನಿದ್ದ ಎರಡು ದೊಡ್ಡ ಮನೆತನಗಳು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ, ಒಪ್ಪಂದಕ್ಕೆ ಬರಲಿಲ್ಲ. ಹೀಗಾಗಿ ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಅನ್ನುವ ಮೂರು ಬಯಲು ಉಳಿದುಕೊಂಡವು. ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ, ಇನ್ನೊಂದರಲ್ಲಿ ಚಳಿ ಮುಗಿದ ಮೇಲೆ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಈಗ ಉಳುವುದು ಟ್ರ್ಯಾಕ್ಟರಿನಲ್ಲಿ. ಪಟ್ಟಿಗಳನ್ನು 20ನೇ ಶತಮಾನದ ಶುರುವಿನಲ್ಲಿ ಒಟ್ಟುಗೂಡಿಸಿ ಅಗಲ ಮಾಡಿದ್ದಾರೆ. ಆದರೆ ಸರದಿ ಹಳೆಯದೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಬದು ಕಾಯುವ ರೀತಿ. ನವೆಂಬರ್ ಕೊನೆಗೆ ಊರಿನ ರೈತರದೇ ಒಂದು ಜ್ಯೂರಿ ಗೋಧಿ ಬಿತ್ತಿದ ಬಯಲನ್ನೆಲ್ಲ ನಡೆದು ನೋಡುತ್ತದೆ. ಯಾರು ದಾರಿಯನ್ನು ಸೇರಿಸಿ ಉತ್ತಿದ್ದಾರೆ, ಯಾರು ಹುಲ್ಲಿನ ಅಂಚು ಮೀರಿದ್ದಾರೆ ಅಂತ ಗುರುತು ಹಾಕಿ ಗೂಟ ಹೊಡೆಯುತ್ತಾರೆ. ಮುಂದಿನ ವಾರ ಡವ್‌ಕೋಟ್ ಇನ್ ಅನ್ನುವ ಆ ಪಬ್ಬಿನಲ್ಲೇ ಕೋರ್ಟ್ ಲೀಟ್ ಅನ್ನುವ ಊರಿನ ಹಳೇ ನ್ಯಾಯಸಭೆ ಸೇರುತ್ತದೆ. ತಪ್ಪು ಮಾಡಿದವರಿಗೆ ದಂಡ ಬೀಳುತ್ತದೆ. ಮುಂದಿನ ವರ್ಷದ ಜ್ಯೂರಿ ಪ್ರಮಾಣ ಮಾಡುತ್ತದೆ. ರಾಜರ ಕಾಲದ ಪಂಚಾಯ್ತಿ ಇವತ್ತಿಗೂ ನಡೆದುಕೊಂಡು ಬಂದಿದೆ.

ಎರಡನೇ ಸಲ ಹೋಗಿದ್ದು ಡಿಸೆಂಬರಿನಲ್ಲಿ. ಜೇಡಿಮಣ್ಣು ಶೂಗೆ ಮೆತ್ತಿ ಕಾಲು ಎತ್ತಲೂ ಕಷ್ಟ. ಹುಲ್ಲುದಾರಿಯ ಅಂಚಿನಲ್ಲಿ ಹೊಸದಾಗಿ ಹೊಡೆದ ಗೂಟ ಕಂಡಿತು. ತಲೆ ಪೆಟ್ಟು ತಿಂದು ನಾರು ಬಿಟ್ಟಿತ್ತು. ಗೂಟಕ್ಕಿಂತ ಎರಡು ಗೇಣು ಆಚೆವರೆಗೂ ನೇಗಿಲಿನ ಸಾಲು ಬಂದಿತ್ತು. ನಮ್ಮೂರು ತುಮಕೂರು ಕಡೆ. ಇಷ್ಟೇ ಅಗಲದ ಬದುವಿಗೆ ನಮ್ಮಪ್ಪ, ದೊಡ್ಡಪ್ಪ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಸರ್ವೆಯವರು ಬಂದು ಅಳೆದು ಹೋದರೂ ಮನಸ್ತಾಪ ಹೋಗಲಿಲ್ಲ. ಆ ಗೂಟದ ಹತ್ತಿರ ಬಹಳ ಹೊತ್ತು ನಿಂತಿದ್ದೆ.

ಉಳಲಾಗದ ತಗ್ಗು ಜಾಗಗಳಿಗೆ ಅಲ್ಲಿ ಸೈಕ್ ಅನ್ನುತ್ತಾರೆ. ಅಲ್ಲಿ ಹುಲ್ಲು ಬಿಟ್ಟಿದ್ದಾರೆ, ಬೇಸಿಗೆಯಲ್ಲಿ ಕಾಡುಹೂ ತುಂಬಿರುತ್ತದೆ. ಊರೊಳಗೆ ಪಿನ್‌ಫೋಲ್ಡ್ ಅಂತ ಒಂದು ಸಣ್ಣ ಆವರಣ ಇದೆ. ಹಿಂದೆ ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಅದರಲ್ಲಿ ಕೂಡುತ್ತಿದ್ದರು. ನಮ್ಮ ಕಡೆಯ ದನದ ದೊಡ್ಡಿಯೇ! ಮನೆಗಳನ್ನೂ ಗಮನಿಸಿ. ಹೊಲ ಚದುರಿರುವುದರಿಂದ ರೈತರ ಮನೆಗಳೆಲ್ಲ ಊರ ಬೀದಿಯಲ್ಲೇ ಸಾಲಾಗಿವೆ. ಬೇರೆ ಕಡೆ ಬೇಲಿ ಬಂದ ಮೇಲೆ ಎಷ್ಟೋ ರೈತರು ಹೊಲದ ನಡುವೆ ಮನೆ ಕಟ್ಟಿಕೊಂಡು ಹೋದರು.

ಇನ್ನು ಇತಿಹಾಸ. ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಊರಿನ ಹೆಸರಿದೆ. ಉತ್ತರಕ್ಕೆ ನಾರ್ಮನ್ನರ ಕೋಟೆಯ ಮಣ್ಣಿನ ದಿಬ್ಬ ಉಳಿದಿದೆ. ಸೇಂಟ್ ಮೈಕೆಲ್ ಚರ್ಚಿನಲ್ಲಿ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಪ್ರತಿಮೆಗಳಿವೆ. ಅವುಗಳಲ್ಲಿ ಹೆಂಗಸೊಬ್ಬರದು ಮರದ್ದು, ತಪ್ಪದೆ ನೋಡಿ. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಗಾರ ಇಡೀ ಊರಿನ ನಕ್ಷೆ ಬರೆದ. ಒಂದೊಂದು ಪಟ್ಟಿಯೂ ಅದರಲ್ಲಿದೆ, ನಡುವೆ ಉಳುವವರ ಸಣ್ಣ ಚಿತ್ರಗಳೂ ಇವೆ. ಮೂಲ ಪ್ರತಿ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಮ್ಯಾನ್ವರ್ಸ್ ಮನೆತನ 1952ರಲ್ಲಿ ಊರನ್ನು ಕೃಷಿ ಇಲಾಖೆಗೆ ಮಾರಿತು. 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಕೈಗೆ ಬಂತು. 2020ರಲ್ಲಿ ಮತ್ತೆ ಆ ಹಳೇ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೇ ಸೇರಿತು.

ಹೂ ನೋಡಬೇಕಾದರೆ ಜೂನ್‌ನಲ್ಲಿ ಹೋಗಿ, ಗೂಟ ನೋಡಬೇಕಾದರೆ ಡಿಸೆಂಬರ್ ಶುರುವಿನಲ್ಲಿ. ಮಳೆ ಬಂದಿದ್ದರೆ ಗಮ್ ಬೂಟು ಬೇಕೇ ಬೇಕು. ಹುಲ್ಲುದಾರಿ ಬಿಟ್ಟು ಬೆಳೆ ಮೇಲೆ ಕಾಲಿಡಬೇಡಿ.