ಸಣ್ಣ ಜೋಡಿ ಬಂದ್ರೆ ಕಾಲ್ ಮಾಡ್ಲಾ, ಬಿಡ್ಲಾ?

ಪ್ರಶ್ನೆ: ಸರ್ ನಮಸ್ಕಾರ. ಎರಡು ವರ್ಷ 1-2 ರೂಪಾಯಿ ಬ್ಲೈಂಡ್ (ಎಲೆ ಹಂಚೋ ಮುಂಚೆನೇ ಇಬ್ರು ಕಟ್ಟಲೇಬೇಕಾದ ದುಡ್ಡು) ಟೇಬಲ್ಲಲ್ಲಿ ಆನ್‌ಲೈನ್ ಪೋಕರ್ ಆಡ್ದೋನು ನಾನು. 2025ರ ಆಗಸ್ಟಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಟೇಬಲ್ ಬಂದ್ ಆದ್ಮೇಲೆ ಸ್ನೇಹಿತರ ಜೊತೆ ಬರೀ ಫ್ರೀ ಚಿಪ್ಸ್. ಮೊನ್ನೆ ಹಳೇ ಹ್ಯಾಂಡ್ ಹಿಸ್ಟರಿ (ಆಡಿದ ಆಟಗಳ ದಾಖಲೆ) ತೆಗ್ದು ನೋಡಿದ್ರೆ 2-2ರಿಂದ 6-6ವರೆಗಿನ ಜೋಡಿಲೇ ಜಾಸ್ತಿ ದುಡ್ಡು ಹೋಗಿದೆ. ಜೋಡಿ ಅಂದ್ರೆ ಒಳ್ಳೇ ಎಲೆ ತಾನೆ, ಎಲ್ಲಿ ಎಡವಿದೀನಿ?
- ಅರಸೀಕೆರೆ ಓದುಗರು, ಹೆಸರು ಬೇಡ ಅಂದಿದ್ದಾರೆ

ಉತ್ತರ: ನೀವು ಕಳ್ಸಿರೋ ಹ್ಯಾಂಡ್‌ಗಳನ್ನ ಕೂತ್ಕೊಂಡು ನೋಡ್ದೆ ಕಣ್ರೀ. ಎಡವಿರೋದು ಎಲೆ ನೋಡಿದ್ರಲ್ಲಿ ಅಲ್ಲ, ಎದುರಿನೋನ ಮುಂದೆ ಎಷ್ಟು ದುಡ್ಡಿದೆ ಅಂತ ನೋಡ್ದೇ ಇರೋದ್ರಲ್ಲಿ. 3-3 ಇಟ್ಕೊಂಡು ಫ್ಲಾಪ್ (ಎಲ್ರಿಗೂ ಸೇರಿ ಮಧ್ಯೆ ಬಿಚ್ಚೋ ಮೊದಲ ಮೂರೆಲೆ) ನೋಡೋಕೆ ಹೋಗೋದೇ ಇನ್ನೊಂದು 3 ಬಿದ್ದು ಸೆಟ್ ಆಗ್ಲಿ ಅಂತ, ಮೂರೆಲೆ ಆಟದಲ್ಲಿ ಟ್ರೇಲ್ ಅಂತೀವಲ್ಲ ಅದೇ. ಕೈಲಿರೋ ಎರಡು ಬಿಟ್ರೆ ಉಳಿಯೋದು 50 ಎಲೆ, ಅದ್ರಲ್ಲಿ ನಿಮಗೆ ಬೇಕಾಗಿರೋದು ಎರಡೇ ಎರಡು, ಮೂರೆಲೆ ಬಿಚ್ಚಿದಾಗ ಅದು ಸಿಗೋದು 100ಕ್ಕೆ ಹೆಚ್ಚುಕಮ್ಮಿ 12 ಸಲ, ಅಂದ್ರೆ ಎಂಟೂವರೆ ಸಲಕ್ಕೆ ಒಂದ್ಸಲ. ಮಿಕ್ಕಿದ್ದೆಲ್ಲ ಕಾಲ್ ಮಾಡಿ (ಎದುರಿನೋನು ಹಾಕಿದಷ್ಟೇ ಹಾಕಿ) ಫೋಲ್ಡ್ ಮಾಡೋ (ಎಲೆ ಬಿಡೋ) ಕೆಲಸ.

ಈಗ ನಿಮ್ಮದೇ ಒಂದು ಹ್ಯಾಂಡ್ ತಗೊಳ್ಳಿ. ಒಬ್ಬ 6 ರೂಪಾಯಿಗೆ ರೇಸ್ ಮಾಡಿದ (ದುಡ್ಡು ಏರಿಸಿದ), ನೀವು 3-3ಲಿ ಕಾಲ್ ಕೊಟ್ರಿ, ಸರಿ, ಆದ್ರೆ ಅವನ ಹತ್ರ ಒಟ್ಟು ಇದ್ದಿದ್ದೇ 40 ರೂಪಾಯಿ. ಏಳೂವರೆ ಸಲ 6 ರೂಪಾಯಿ ಕಳ್ಕೊಂಡ್ರೆ 45 ಹೋಯ್ತು, ಸೆಟ್ ಆದ ಆ ಒಂದ್ಸಲ ಅವನು ಕಣ್ಮುಚ್ಕೊಂಡು ಪೂರ್ತಿ ತಳ್ಳಿದ್ರೂ ಬ್ಲೈಂಡ್ ಸೇರಿ ನಿಮಗೆ ಬರೋದು 43. ಅವನು ಪ್ರತಿ ಸಲ ತಳ್ತಾನಾ? ಎಲ್ಲಿ ತಳ್ತಾನೆ. ಮೇಲಿಂದ ಪಾಟಲ್ಲಿ (ಎಲ್ರೂ ಹಾಕಿದ ದುಡ್ಡಿನ ಗುಡ್ಡೆಲಿ) ರೇಕ್ ಅಂತ ಸೈಟ್‌ನೋರು ಕಮಿಷನ್ ಬೇರೆ ಕಿತ್ಕೊತಿದ್ರು, 2023ರ ಅಕ್ಟೋಬರಿಂದ ಡೆಪಾಸಿಟ್ ಮೇಲೆ 28 ಪರ್ಸೆಂಟ್ ಜಿಎಸ್‌ಟಿನೂ ಬಂತು, 1-2 ರೂಪಾಯಿ ಟೇಬಲ್ಲಲ್ಲಿ ಇಷ್ಟೆಲ್ಲ ಕಳೆದು ಲಾಭ ಮಾಡೋದು ಅಂದ್ರೆ ಹುಡುಗಾಟ ಅಲ್ಲ.

ಅದೇ ಎದುರಿನೋನ ಹತ್ರನೂ ನಿಮ್ಮ ಹತ್ರನೂ 200 ಇದ್ರೆ ಲೆಕ್ಕ ಬೇರೆ. ಕಾಲ್ ಮಾಡೋ ದುಡ್ಡಿನ 15-20 ಪಟ್ಟಾದ್ರೂ ಹಿಂದೆ ಇರ್ಬೇಕು ಅನ್ನೋದು ಹಳೇ ಆಟಗಾರರ ಅಳತೆ, 6 ರೂಪಾಯಿಗೆ 120 ಸಾಕು, ಆರಾಮಾಗಿ ಕಾಲ್ ಮಾಡಿ. ನೀವೇ 6ಕ್ಕೆ ರೇಸ್ ಮಾಡಿ ಅವನು ತಿರುಗಿಸಿ 22 ಮಾಡಿದ್ರೆ? ಇನ್ನೂ 16 ಹಾಕ್ಬೇಕು, ಹಿಂದೆ ಉಳಿಯೋದು 178, ಅಂದ್ರೆ 11 ಪಟ್ಟು, ಬಿಟ್ಬಿಡಿ. ಇನ್ನೊಂದು ವಿಷ್ಯ, ರೇಸ್ ಯಾವ ಸೀಟಿಂದ ಬಂತು ಅಂತಾನೂ ನೋಡಿ, ಮೊದಲ ಸೀಟಲ್ಲಿ ಕೂತು ರೇಸ್ ಮಾಡ್ದೋನ ಹತ್ರ ದೊಡ್ಡ ಎಲೆ ಇರುತ್ತೆ ಹಾಗಾಗಿ ದುಡ್ಡು ಕೊಡ್ತಾನೆ, ಬಟನ್ (ಕೊನೇ ಸರದಿ ಸೀಟು) ಮೇಲೆ ಕೂತು ಬ್ಲೈಂಡ್ ಕದಿಯೋಕೆ ಬಂದೋನ ಕೈಲಿ ಏನೂ ಇರಲ್ಲ, ನಿಮಗೆ ಸೆಟ್ ಆದ್ರೂ ಅವನು ಎದ್ದು ಹೋಗ್ತಾನೆ. ನಮ್ಮ ಕಡೆ ಕಾಫಿ ತೋಟದೋರಿಗೆ ಇದು ಬೇಗ ಅರ್ಥ ಆಗುತ್ತೆ, ಹೂಮಳೆ ಬಿತ್ತು ಅಂತ ಕುಣಿದ್ರೆ ಆಗಲ್ಲ, ಆಮೇಲೆ ಬ್ಯಾಕಿಂಗ್ ಮಳೆನೂ ಬೀಳ್ಬೇಕಲ್ಲ ಕಾಯಿ ಕಚ್ಚೋಕೆ.

ಅಂದಹಾಗೆ ಈ ಐದು ಜೋಡಿಲಿ ಯಾವ್ದಾದ್ರೂ ಒಂದು ಬರೋದು 44 ಹ್ಯಾಂಡಿಗೆ ಒಂದ್ಸಲ, ಅದು ಫ್ಲಾಪಲ್ಲಿ ಸೆಟ್ ಆಗೋದು ಸುಮಾರು 375 ಹ್ಯಾಂಡಿಗೆ ಒಂದ್ಸಲ. ಗಂಟೆಗೆ 70 ಹ್ಯಾಂಡ್ ಓಡಿದ್ರೂ ಐದು ಗಂಟೆ ಕಾಯ್ಬೇಕು. ಬೇಜಾರಿಗೆ ನಡುವೆ ಕಾಲ್ ಮಾಡಿದ್ದೇ ನಿಮ್ಮ ಹಿಸ್ಟರಿಲಿ ಅರ್ಧ ಇದೆ, ಬೈಯ್ಯಬೇಡಿ.

ಪ್ರಶ್ನೆ: ಸೆಟ್ ಆದ್ಮೇಲೆ ಸುಮ್ನೆ ಚೆಕ್ ಮಾಡಿ (ದುಡ್ಡು ಹಾಕ್ದೆ ಸರದಿ ಬಿಟ್ಟು) ಬಲೆ ಬೀಸೋದು ಒಳ್ಳೇದಲ್ವಾ?
- ಮೂಡಿಗೆರೆ ಓದುಗರು

ಉತ್ತರ: ಸಣ್ಣ ಟೇಬಲ್ಲಲ್ಲಿ ಬೇಡ್ವೇ ಬೇಡ. ನಿಮ್ಮ ಹತ್ರ 4-4, ಫ್ಲಾಪ್ ಎಕ್ಕ-9-4, ಎದುರಿಗೆ ಎಕ್ಕ-ರಾಣಿ ಇಟ್ಕೊಂಡಿರೋನು ಅನ್ಕೊಳ್ಳಿ. ಪಾಟಲ್ಲಿ 15 ಇದೆ. ಈಗ 10 ಹಾಕಿ, ಟರ್ನಲ್ಲಿ (ನಾಲ್ಕನೇ ಎಲೆ) 25, ರಿವರಲ್ಲಿ (ಐದನೇ ಎಲೆ) 60, ಒಟ್ಟು 95 ಅವನ ಜೇಬಿಂದ ಬಂತು. ಫ್ಲಾಪಲ್ಲಿ ಚೆಕ್ ಮಾಡಿ ಟರ್ನಿಂದ ಶುರು ಮಾಡಿದ್ರೆ 10, 25, ಅಷ್ಟೇ, 35ಕ್ಕೆ ಮುಗೀತು. ಎಕ್ಕ ಹಿಡ್ಕೊಂಡೋನು ಈ ಟೇಬಲ್ಲಲ್ಲಿ ಸುಲಭಕ್ಕೆ ಬಿಡಲ್ಲ ಕಣ್ರಪ್ಪಾ, ಬಲೆ ಯಾಕೆ ಬೇಕು, ಮೀನೇ ಬುಟ್ಟಿ ಹತ್ರ ಬರ್ತಿರುವಾಗ. ಫ್ರೀ ಚಿಪ್ಸಲ್ಲಿ ಮಾತ್ರ ಈ ಪಾಠ ಕಲಿಯೋಕಾಗಲ್ಲ, ಅಲ್ಲಿ ಎಲ್ರೂ ಫ್ಲಾಪಿಗೆ ಮುಂಚೆನೇ ಆಲ್-ಇನ್ ತಳ್ತಾರೆ, ಆಮೇಲೆ ಗೆಲ್ಲೋಕೆ ಹಿಂದೆ ಏನೂ ಉಳಿದಿರಲ್ಲ. ಸ್ನೇಹಿತರ ಟೇಬಲ್ಲಲ್ಲಿ ಚಿಪ್ಸ್ ಖಾಲಿ ಆದೋರು ಆವತ್ತಿಗೆ ಔಟ್ ಅಂತ ಒಂದು ಕಟ್ಟಳೆ ಮಾಡ್ಕೊಳ್ಳಿ, ಜನ ಯೋಚ್ನೆ ಮಾಡಿ ಆಡ್ತಾರೆ.

ಪ್ರಶ್ನೆ: ನಂಗೆ ಸಣ್ಣ ಸೆಟ್, ಅವನಿಗೆ ದೊಡ್ಡ ಸೆಟ್ ಆದ್ರೆ?
- ಬೇಲೂರು ಓದುಗರು

ಉತ್ತರ: ಹೋಯ್ತು ಅಷ್ಟೇ. ಇಬ್ರ ಹತ್ರನೂ ಜೋಡಿ ಇದ್ದಾಗ ಇಬ್ರಿಗೂ ಫ್ಲಾಪಲ್ಲೇ ಸೆಟ್ ಆಗೋದು 100ಕ್ಕೆ ಸುಮಾರು 1 ಸಲ, ಅದಕ್ಕೆ ಹೆದರ್ಕೊಂಡು ಮಿಕ್ಕ 99ರಲ್ಲಿ ಮುದುಡ್ಕೊಂಡು ಆಡೋಕಾಗಲ್ಲ. ನಂಗೂ ಆಗಿದೆ, ಚಿಕ್ಕಮಗಳೂರಲ್ಲಿ ಮಳೆ ಹೊಯ್ತಿದ್ದ ರಾತ್ರಿ, 6-6 ಇಟ್ಕೊಂಡಿದ್ದೆ, ಫ್ಲಾಪ್ 9-6-2, 200 ರೂಪಾಯಿನೂ ಒಳಗೆ ಹೋದ್ಮೇಲೆ ಅವನು 9-9 ಬಿಚ್ಚಿದ, ಅದೇ ಹೊತ್ತಿಗೆ ಕರೆಂಟೂ ಹೋಯ್ತು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಕಾಗದದ ಮೇಲೆ ಲೆಕ್ಕ ಹಾಕಿ ನೋಡ್ದೆ, ಎಲ್ಲೂ ತಪ್ಪಿರ್ಲಿಲ್ಲ, ಅದೇ ಹೊಟ್ಟೆ ಉರಿದಿದ್ದು.